ಸೋಮವಾರದ ಸಾಲು ಏನನ್ನು ಹೇಳುತ್ತದೆ?

ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಸೋಮವಾರ ನಡೆಯುವ ಕುಂದುಕೊರತೆ ಸಭೆಗೆ ದೊಡ್ಡ ಹೆಸರಿದೆ. ಯಾರು ಬೇಕಾದರೂ ಹೋಗಿ ಕಲೆಕ್ಟರ್ ಕೈಗೇ ಅರ್ಜಿ ಕೊಡಬಹುದು. ಅಲ್ಲಿ ಸೇರುವ ಜನವೇ ಆಡಳಿತದ ಮೇಲಿನ ನಂಬಿಕೆಗೆ ಸಾಕ್ಷಿ ಎಂದು ಬರೆಯುವವರಿದ್ದಾರೆ. ಈ ಮಾತು ಪೂರ್ತಿ ತಪ್ಪು. ತಾಲ್ಲೂಕು ಕಚೇರಿಯಲ್ಲಿ ಕೆಲಸವಾಗಿದ್ದರೆ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಯಾರು ಬರುತ್ತಿದ್ದರು?

ಒಂದೇ ಒಂದು ಅರ್ಜಿಯ ದಾರಿ ನೋಡಿ. ಅಣ್ಣತಮ್ಮಂದಿರಲ್ಲಿ ಪಾಲಾದ ಜಮೀನಿಗೆ ಬೇರೆ ಪಟ್ಟಾ (ಹಕ್ಕುಪತ್ರ) ಬೇಕು. ಸರ್ವೇಯರ್ ಅಳತೆಗೆ ಬಂದಿಲ್ಲ. ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಕಡೆಯ ದೇವಾಂಗ ನೇಕಾರರ ಮನೆಮಾತು ಕನ್ನಡ, ಅರ್ಜಿ ಬರೆಯುವುದು ಮಾತ್ರ ತಮಿಳಿನಲ್ಲಿ. ಅಲ್ಲಿನ ಓದು ಬಾರದ ಅಜ್ಜಿ ಅರ್ಜಿ ಬರೆಯುವವರಿಗೆ ದುಡ್ಡು ಕೊಟ್ಟು ಬರೆಸುತ್ತಾಳೆ. ತನ್ನ ದೂರಿನಲ್ಲಿ ಏನಿದೆ ಎಂಬುದು ಅವಳಿಗೇ ಪೂರ್ತಿ ತಿಳಿಯದು. ಸಭೆಯಲ್ಲಿ ಅರ್ಜಿಗೆ ನಂಬರ್ ಬೀಳುತ್ತದೆ, ರಸೀದಿ ಸಿಗುತ್ತದೆ. ಅಲ್ಲಿಂದ ಅದು ತಹಶೀಲ್ದಾರರಿಗೆ, ಅವರಿಂದ ಗ್ರಾಮಾಡಳಿತಾಧಿಕಾರಿಗೆ, ಸರ್ವೇಯರಿಗೆ ಇಳಿಯುತ್ತದೆ. ಯಾರ ಮೇಲೆ ದೂರೋ ವರದಿ ಬರೆಯುವವರೂ ಅವರೇ. 'ಪರಿಶೀಲನೆಯಲ್ಲಿದೆ' ಎಂದು ಅವರು ಬರೆದ ಉತ್ತರವೇ ಮೇಲೆ ಹೋಗುತ್ತದೆ. ಜಮೀನು ಅಳೆಯದಿದ್ದರೂ ಲೆಕ್ಕದಲ್ಲಿ ಅರ್ಜಿ ಮುಗಿದಿರುತ್ತದೆ. ಇಡೀ ವ್ಯವಸ್ಥೆ ಸೋಲುವುದು ಇಲ್ಲೇ. ಕಲೆಕ್ಟರ್ ಎಷ್ಟೇ ಒಳ್ಳೆಯವರಾಗಿದ್ದರೂ ಅವರ ಮುಂದೆ ಬರುವುದು ಆ ವರದಿ, ಹೊಲವಲ್ಲ.

2017ರ ಅಕ್ಟೋಬರಿನಲ್ಲಿ, ಇಂಥದೇ ಒಂದು ಸೋಮವಾರ, ಬಡ್ಡಿ ಸಾಲದ ಕಿರುಕುಳದ ಬಗ್ಗೆ ಹಲವು ಬಾರಿ ಅರ್ಜಿ ಕೊಟ್ಟು ಸೋತ ದಂಪತಿ ತಿರುನೆಲ್ವೇಲಿ ಕಲೆಕ್ಟರ್ ಕಚೇರಿಯಲ್ಲಿ ಮಕ್ಕಳೊಂದಿಗೆ ಬೆಂಕಿ ಹಚ್ಚಿಕೊಂಡರು. ಬಳಿಕ ಕಚೇರಿಗಳ ಬಾಗಿಲಲ್ಲಿ ಪೊಲೀಸರು ಸೀಮೆಎಣ್ಣೆಗಾಗಿ ಚೀಲ ತಡಕುವುದು ಹೆಚ್ಚಿತು. ಜನಸಂದಣಿಯನ್ನು ಹೊಗಳುವವರು ಈ ತಪಾಸಣೆಯ ಬಗ್ಗೆಯೂ ಒಂದು ಸಾಲು ಬರೆಯಬೇಕಿತ್ತು.

ಸಭೆಯಿಂದ ಪ್ರಯೋಜನವೇ ಇಲ್ಲ ಎನ್ನಲಾರೆ. ಅಂಗವಿಕಲರಿಗೆ ಗಾಡಿ, ವೃದ್ಧರಿಗೆ ಪಿಂಚಣಿ ಅಲ್ಲಿ ಸಿಕ್ಕಿದ್ದುಂಟು. ಆದರೆ ಅದು ದೊರೆ ಕೊಟ್ಟ ದರ್ಶನ, ಪ್ರಜೆಯ ಹಕ್ಕಲ್ಲ. ಹಕ್ಕು ಎಂದರೆ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕವನ್ನು ನೋಡಿ: ಅಲ್ಲಿನ 2011ರ ಸಕಾಲ ಕಾಯ್ದೆ ಸರ್ಕಾರಿ ಸೇವೆಗೆ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಇಟ್ಟಿತು. ಮೊತ್ತ ಸಣ್ಣದು, ಕೇಳುವವರೂ ಕಡಿಮೆ, ನಿಜ. ಆದರೂ ಅಲ್ಲಿ ತಪ್ಪಿಗೆ ಹೊಣೆಗಾರನಿದ್ದಾನೆ. 2023ರ ಡಿಸೆಂಬರಿನಲ್ಲಿ ಕೊಯಮತ್ತೂರಿನಲ್ಲೇ 'ಮಕ್ಕಳುಡನ್ ಮುದಲ್ವರ್' (ಜನರೊಂದಿಗೆ ಮುಖ್ಯಮಂತ್ರಿ) ಶಿಬಿರಗಳು ಶುರುವಾದವು, 30 ದಿನಗಳ ಭರವಸೆಯೊಂದಿಗೆ. ಆಗಲೂ ತಮಿಳುನಾಡಿನಲ್ಲಿ ಅಂಥ ಕಾಯ್ದೆ ಇರಲಿಲ್ಲ.

ದೂರಿಗೆ ಗುರಿಯಾದವರಿಂದಲೇ ವರದಿ ಬರೆಸುವುದು ನಿಲ್ಲುವವರೆಗೆ ಈ ಸಭೆಯನ್ನು ನಾನು ಯಶಸ್ಸೆಂದು ಕರೆಯುವುದಿಲ್ಲ.