ತಲೆಯ ಮೇಲೆ ಮಾಡು ಬಂದ ಮೇಲೆ

ಹೊನ್ನಾವರದ ಬಳಿಯ ಕಾಸರಕೋಡಿನ ಇಕೋ ಬೀಚಿಗೆ ಇಳಿತದ ಹೊತ್ತಿನಲ್ಲಿ ಹೋಗಿ ನೋಡಬೇಕು. ನೀರು ಸರಿದ ಜಾಗದಲ್ಲಿ ಹೊಯಿಗೆ ಗಚ್ಚು ಹಾಕಿದಷ್ಟು ಗಟ್ಟಿಯಾಗಿರುತ್ತದೆ. ಬೈಕಿರುವ ಹುಡುಗರಿಗೆ ಅಲ್ಲೊಂದು ಸುತ್ತು ಹೊಡೆಯುವ ಆಸೆ ಬಂದರೆ ತಪ್ಪಿಲ್ಲ. ಆದರೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಅದು, ಗಾಡಿ ಇಳಿಸುವ ಹಾಗಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ಡೇಟೋನಾದವರಿಗೆ ಆ ಕಾಲದಲ್ಲಿ ಅಂಥ ಅಡ್ಡಿ ಇರಲಿಲ್ಲ. 1936ರಿಂದ ಅವರು ಸಮುದ್ರದ ದಂಡೆಯಲ್ಲೇ ಕಾರು ಪಂದ್ಯ ನಡೆಸಿದರು. ಹೋಗುವಾಗ ಡಾಂಬರು ರಸ್ತೆ, ಬರುವಾಗ ಹೊಯಿಗೆ. ಭರತ ಏರುವುದರೊಳಗೆ ಎಲ್ಲ ಮುಗಿಯಬೇಕು. ಊರಾಚೆ ಭಾರೀ ಸ್ಪೀಡ್‌ವೇ ಕಟ್ಟಿಸಿ ಪಂದ್ಯ ಅಲ್ಲಿಗೆ ಹೋಗಿದ್ದು 1959ರಲ್ಲಿ.

ಸ್ಟಾಕ್ ಕಾರ್ ರೇಸಿಂಗ್‌ಗೆ ಒಂದು ರೂಪ ಬಂದದ್ದು ಇದೇ ಹೊಯಿಗೆಯ ಸುತ್ತಮುತ್ತ. ಶೋರೂಮಿನಲ್ಲಿ ಕೊಂಡ ಕಾರನ್ನು ಏನೂ ತಿದ್ದದೆ ಓಡಿಸಬೇಕು ಎಂಬುದು ಮೂಲ ಕರಾರು. ಬಿಲ್ ಫ್ರಾನ್ಸ್ 1948ರಲ್ಲಿ ನ್ಯಾಸ್ಕಾರ್ ಸಂಸ್ಥೆ ಕಟ್ಟಿದರು. ಮರುವರ್ಷ ಜೂನ್ 19ರಂದು ಷಾರ್ಲೆಟ್‌ನಲ್ಲಿ ಈ ಕರಾರಿನ ಮೊದಲ ಪಂದ್ಯ ನಡೆಯಿತು. ಗೆರೆ ಮೊದಲು ದಾಟಿದವನು ಗ್ಲೆನ್ ಡನ್‌ವೇ. ತಪಾಸಣೆಯಲ್ಲಿ ಅವನ ಕಾರಿನ ಹಿಂದಿನ ಸ್ಪ್ರಿಂಗ್‌ಗಳನ್ನು ಗಟ್ಟಿ ಮಾಡಿದ್ದು ಸಿಕ್ಕಿಬಿತ್ತು. ಕಳ್ಳಭಟ್ಟಿ ಸಾಗಿಸುತ್ತಿದ್ದ ಕಾರದು. ಹೊರೆ ಹೇರಿದರೂ ಹಿಂಬದಿ ಕುಸಿಯಬಾರದಲ್ಲ! ಪ್ರಶಸ್ತಿ ಎರಡನೆಯವನಾದ ಜಿಮ್ ರೋಪರ್‌ಗೆ ಹೋಯಿತು.

ಇಂದಿನ ನ್ಯಾಸ್ಕಾರ್ ಕಾರಿಗೂ ಶೋರೂಮಿನ ಕಾರಿಗೂ ಹೊರನೋಟದ ಹೋಲಿಕೆ ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಆ ಬಳಗಕ್ಕೆ ಭಾರತದಿಂದ ಮೊದಲು ಹೋದವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. 2010ರಲ್ಲಿ ಅವರು ನ್ಯಾಸ್ಕಾರ್‌ನ ಟ್ರಕ್ ಸರಣಿಯ ಕೆಲವು ಪಂದ್ಯಗಳಲ್ಲಿ ಓಡಿಸಿದರು. ಓಡಿಸಿದ್ದು ಕೆಲವೇ ಪಂದ್ಯ, ಆದರೂ ಆ ವರ್ಷದ ಅತ್ಯಂತ ಜನಪ್ರಿಯ ಚಾಲಕನನ್ನಾಗಿ ಅಭಿಮಾನಿಗಳು ಅವರನ್ನೇ ಆರಿಸಿದರು. ಹೀಗೆ ಮಾಡು ಹೊದ್ದ ಕಾರಿನ ಪಂದ್ಯದಲ್ಲಿ ಕನ್ನಡನಾಡಿನವರು ಯಾರಿದ್ದಾರೆ ಎಂದು ಕೇಳಿದರೆ ಹೇಳಬೇಕಾದ ಹೆಸರು ಬೆಂಗಳೂರಿನ ಅರ್ಜುನ್ ಮೈನಿ. ಅವರ ಕಣ ಅಮೆರಿಕವಲ್ಲ, ಜರ್ಮನಿ.

ಅರ್ಜುನ್ ಹುಟ್ಟಿದ್ದು 1997ರ ಡಿಸೆಂಬರ್ 10ರಂದು. ಮನೆಯೇ ಗಾಡಿಗಳ ಮನೆ. ಅಜ್ಜ ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಯಂತ್ರಭಾಗಗಳ ಕಾರ್ಖಾನೆ ಕಟ್ಟಿದವರು, ಚಿಕ್ಕಪ್ಪ ಚೇತನ್ ಮೈನಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿದವರು. ತಂದೆ ಗೌತಮ್ ಸ್ವತಃ ರೇಸ್ ಓಡಿಸಿದವರು. ಹುಡುಗ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ ಗೋ-ಕಾರ್ಟ್ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ದುಡ್ಡಿದ್ದ ಮನೆಯ ಹುಡುಗ ಎಂದು ಮೂಗು ಮುರಿಯುವವರಿದ್ದಾರೆ. ದುಡ್ಡಿಲ್ಲದೆ ಈ ಆಟದ ಬಾಗಿಲು ತೆರೆಯುವುದೇ ಇಲ್ಲ, ಆ ಮಾತು ನಿಜ. ತೆರೆದ ಮೇಲೆ ತಿರುವಿನಲ್ಲಿ ಸ್ಟೇರಿಂಗ್ ಹಿಡಿಯುವುದು ಮಾತ್ರ ಅಪ್ಪನ ದುಡ್ಡಲ್ಲ.

ಕಾರ್ಟ್ ಎಂದರೆ ಮಾಲ್‌ಗಳಲ್ಲಿ ಟಿಕೆಟ್ ಕೊಟ್ಟು ಓಡಿಸುವ ಆಟಿಕೆಯೆಂದು ತಿಳಿದವರು ಪಂದ್ಯದ ಕಾರ್ಟನ್ನು ಬಗ್ಗಿ ನೋಡಬೇಕು. ಅದಕ್ಕೆ ಸಸ್ಪೆನ್ಷನ್ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿರುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕು, ಒಳಚಕ್ರ ಕಡಿಮೆ. ಒಂದೇ ಆಕ್ಸಲ್‌ನಲ್ಲಿ ಅದಾಗುವುದು ಹೇಗೆ? ಒಳಗಿನ ಹಿಂಚಕ್ರವನ್ನು ಕ್ಷಣಮಾತ್ರ ನೆಲದಿಂದ ಎತ್ತಬೇಕು. ಸ್ಟೇರಿಂಗ್ ತಿರುಗಿಸುವ ವೇಗ ಮತ್ತು ಮೈಯ ಭಾರದಿಂದ ಚೌಕಟ್ಟನ್ನೇ ಬಳುಕಿಸಿ ಎತ್ತಬೇಕು. ಕಡಿಮೆ ಎತ್ತಿದರೆ ಕಾರ್ಟ್ ಎಳೆದುಕೊಂಡು ನಿಲ್ಲುತ್ತದೆ, ಹೆಚ್ಚು ಎತ್ತಿದರೆ ಕುಪ್ಪಳಿಸುತ್ತದೆ. ಪಕ್ಕೆಲುಬಿಗೆ ಕವಚ ತೊಟ್ಟು ಮಕ್ಕಳು ಇದನ್ನು ಕಲಿಯುತ್ತಾರೆ. ಯಾವ ಟಯರಿನ ಮೇಲೆ ಎಷ್ಟು ಭಾರವಿದೆ ಎಂಬುದು ಕುಂಡೆಗೆ ಗೊತ್ತಾಗುವ ವಿದ್ಯೆ ಇದು. ದೊಡ್ಡ ಕಾರಿಗೆ ಹೋದಾಗಲೂ ಕೈಬಿಡುವುದಿಲ್ಲ.

2011ರಲ್ಲಿ ಫಾರ್ಮುಲಾ ಒನ್‌ನ ಫೋರ್ಸ್ ಇಂಡಿಯಾ ತಂಡ ದೇಶದುದ್ದಕ್ಕೂ ಎಳೆಯ ಚಾಲಕರ ಹುಡುಕಾಟ ನಡೆಸಿ ಮೂವರು ಹುಡುಗರನ್ನು ಆರಿಸಿತು: ಅರ್ಜುನ್, ಮುಂಬೈಯ ಜೆಹಾನ್ ದಾರುವಾಲಾ, ತರುಣ್ ರೆಡ್ಡಿ.

ಮೂರು ವರ್ಷದ ನಂತರ, 2014ರಲ್ಲಿ, ಅರ್ಜುನ್ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಗಿಳಿದರು. ಹದಿನಾರರ ಹುಡುಗ, ಹೊಸ ದೇಶ, ಹೊಸ ಟ್ರ್ಯಾಕುಗಳು. ಇಡೀ ಋತುವಿನ ಕೊನೆಯಲ್ಲಿ ಪಟ್ಟ ತಪ್ಪಿದ್ದು ಬರೀ ಮೂರು ಅಂಕಗಳಿಂದ. ಗೆದ್ದವನು ಜಾರ್ಜ್ ರಸೆಲ್, ಈಗ ಫಾರ್ಮುಲಾ ಒನ್‌ನಲ್ಲಿ ಮರ್ಸಿಡಿಸ್ ಓಡಿಸುತ್ತಿರುವ ಅದೇ ರಸೆಲ್. ಭಾರತದ ಪತ್ರಿಕೆಗಳಲ್ಲಿ ಆ ಮೂರು ಅಂಕಗಳ ಸುದ್ದಿಗೆ ಒಂದು ಕಾಲಮ್ಮಿನ ಜಾಗವೂ ಸರಿಯಾಗಿ ಸಿಕ್ಕಿರಲಿಕ್ಕಿಲ್ಲ. ಅರ್ಜುನ್ ಯಾವ ದರ್ಜೆಯ ಚಾಲಕ ಎಂದು ಅಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸೇರು ಬೇರೆ ಇಲ್ಲ.

ಆಮೇಲಿನ ನಾಲ್ಕು ವರ್ಷಗಳಲ್ಲಿ ಒಂದು ಕಡೆ ನೆಲೆ ನಿಂತದ್ದು ಕಡಿಮೆ. 2015ರಲ್ಲಿ ವ್ಯಾನ್ ಆಮರ್ಸ್‌ಫೋರ್ಟ್ ತಂಡದಲ್ಲಿ ಯುರೋಪಿನ ಫಾರ್ಮುಲಾ 3, ಬಳಿಕ ಯೆನ್ಸರ್ ತಂಡದ ಜಿಪಿ3, 2018ರಲ್ಲಿ ಟ್ರೈಡೆಂಟ್ ತಂಡದ ಫಾರ್ಮುಲಾ 2. ತಂಡ ಬದಲಾದರೆ ಎಂಜಿನಿಯರ್ ಬದಲು, ಕಾರಿನ ಹದ ಬದಲು. ಪರಸ್ಪರ ಅರ್ಥವಾಗುವಷ್ಟರಲ್ಲಿ ಅರ್ಧ ಋತು ಕಳೆದಿರುತ್ತದೆ. ಆದರೂ 2017ರ ಮೇ ತಿಂಗಳಲ್ಲಿ ಬಾರ್ಸಿಲೋನಾದ ಎರಡನೇ ಪಂದ್ಯ ಗೆದ್ದು, ಜಿಪಿ3ಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಅದೇ ತಿಂಗಳು ಹಾಸ್ ಫಾರ್ಮುಲಾ ಒನ್ ತಂಡ ಅವರನ್ನು ತನ್ನ ತರಬೇತಿ ಚಾಲಕರ ಸಾಲಿಗೆ ಸೇರಿಸಿಕೊಂಡಿತು.

2018 ಮಾತ್ರ ಕೆಟ್ಟ ವರ್ಷ. ಜುಲೈಯಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಪಂದ್ಯ ಮುಗಿದು ಕಾರುಗಳು ನಿಧಾನವಾಗಿ ಮರಳುತ್ತಿದ್ದಾಗ, ಅದೇ ತಂಡದ ಸ್ಯಾಂಟಿನೋ ಫೆರೂಚಿ ಅರ್ಜುನ್ ಕಾರಿಗೆ ಹಿಂದಿನಿಂದ ಬೇಕೆಂದೇ ಗುದ್ದಿದ. ಅದೇ ದಿನ ಕೈಯಲ್ಲಿ ಮೊಬೈಲ್ ಹಿಡಿದು ಕಾರು ಓಡಿಸಿದ್ದೂ ಬಯಲಾಯಿತು. ನಿರ್ಣಾಯಕರು ಅವನಿಗೆ ನಾಲ್ಕು ಪಂದ್ಯಗಳ ನಿಷೇಧ ಮತ್ತು ದಂಡ ಹಾಕಿದರು, ಟ್ರೈಡೆಂಟ್ ಒಪ್ಪಂದ ಕಡಿದುಕೊಂಡಿತು. ಫೆರೂಚಿ ಅಮೆರಿಕಕ್ಕೆ ಮರಳಿ ಇಂಡಿಕಾರ್ ಸೇರಿದ, 2021ರಲ್ಲಿ ನ್ಯಾಸ್ಕಾರ್‌ನ ಎರಡನೇ ದರ್ಜೆಯ ಸರಣಿಯಲ್ಲೂ ಓಡಿಸಿದ. ಗುದ್ದಿದವನೂ ಗುದ್ದಿಸಿಕೊಂಡವನೂ ಒಂದೇ ವರ್ಷ ಶೋರೂಮಿನ ಕಾರನ್ನು ಹೋಲುವ ಪಂದ್ಯದ ಕಾರುಗಳಿಗೆ ಬಂದದ್ದು ತಮಾಷೆಯ ಕಾಕತಾಳೀಯ.

ಅರ್ಜುನ್ ಅಲ್ಲಿಗೆ ಬಂದದ್ದು ಬಳಸುದಾರಿಯಲ್ಲಿ. 2019ರಲ್ಲಿ ಲೆ ಮಾನ್‌ನ 24 ಗಂಟೆಗಳ ಓಟ. 2021ರ ಆರಂಭದಲ್ಲಿ ಏಷ್ಯನ್ ಲೆ ಮಾನ್ ಸರಣಿಯಲ್ಲಿ ಕಾರ್ತಿಕೇಯನ್ ಜೊತೆ ಒಂದೇ ಕಾರನ್ನು ಪಾಳಿಯಲ್ಲಿ ಓಡಿಸಿದ್ದು. ಅದೇ ವರ್ಷ ಗೆಟ್‌ಸ್ಪೀಡ್ ತಂಡದ ಮರ್ಸಿಡಿಸ್ ಹತ್ತಿ ಜರ್ಮನಿಯ ಡಿಟಿಎಂ ಎಂಬ ಕಾರು ಪಂದ್ಯ ಸರಣಿಯನ್ನು ಪ್ರವೇಶಿಸಿದರು. 1984ರಲ್ಲಿ ಹುಟ್ಟಿದ ಆ ಸರಣಿಯಲ್ಲಿ ಭಾರತೀಯನೊಬ್ಬ ಓಡಿಸಿದ್ದು ಅದೇ ಮೊದಲು.

ಇಲ್ಲಿ ನಮ್ಮ ಅಭಿಮಾನಿಗಳ ಜೊತೆ ಈ ಅಂಕಣಕ್ಕೊಂದು ತಕರಾರಿದೆ. ‘ಎಫ್ ಒನ್ ಆಗಲಿಲ್ಲ, ಹಾಗಾಗಿ ಅಲ್ಲಿಗೆ ಹೋದ’ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. 2021ರ ಡಿಟಿಎಂನಲ್ಲಿ ಅರ್ಜುನ್ ಎದುರಿಗಿದ್ದವರು ಯಾರು? ಫಾರ್ಮುಲಾ ಒನ್‌ನಿಂದ ಬಂದು ಮರುವರ್ಷ ಅಲ್ಲಿಗೇ ಮರಳಿದ ಅಲೆಕ್ಸ್ ಆಲ್ಬನ್. ಆ ಸಲ ಪಟ್ಟ ಕೂದಲೆಳೆಯಲ್ಲಿ ತಪ್ಪಿಸಿಕೊಂಡು 2023ರಲ್ಲಿ ಫಾರ್ಮುಲಾ ಒನ್‌ಗೆ ಕಾಲಿಟ್ಟ ಲಿಯಾಮ್ ಲಾಸನ್. ಅದೇನು ನಿವೃತ್ತರ ಕಟ್ಟೆಯಲ್ಲ.

ಕಸುಬೂ ಬೇರೆಯೇ. 2018ರ ಫಾರ್ಮುಲಾ 2 ಕಾರು ಚಾಲಕನೂ ಸೇರಿ 755 ಕಿಲೋ ಇತ್ತು. ಮುಂಚಕ್ರಗಳು ಕಣ್ಣೆದುರೇ ತಿರುಗುತ್ತಿರುತ್ತವೆ. ಡಿಟಿಎಂನಲ್ಲಿ ಅರ್ಜುನ್ ಓಡಿಸಿದ ಮರ್ಸಿಡಿಸ್ ಎಎಂಜಿ ಜಿಟಿ3 ಬರಿ ಕಾರೇ ಸುಮಾರು 1300 ಕಿಲೋ. ಮುಂದೆ 6.2 ಲೀಟರಿನ ವಿ8 ಎಂಜಿನ್, ಅದರ ಮೇಲೆ ಮಾರುದ್ದದ ಬಾನೆಟ್. ಚಾಲಕ ಕೂರುವುದು ಎಷ್ಟೋ ಹಿಂದೆ, ಹೆಚ್ಚುಕಡಿಮೆ ಹಿಂಚಕ್ರಗಳ ಬಳಿ. ತಿರುವಿನ ಒಳಮೂಲೆ ಬಾನೆಟ್ಟಿನಡಿ ಮರೆಯಾದ ಮೇಲೂ ಅದೆಲ್ಲಿದೆ ಎಂಬ ಅಂದಾಜು ತಲೆಯಲ್ಲಿರಬೇಕು. ಬ್ರೇಕಿಗೆ ಎಬಿಎಸ್ ಇದೆ, ಹಾಗೆಂದು ಮನಬಂದಂತೆ ತುಳಿಯುವುದಲ್ಲ; ಮೊದಲು ಬಲವಾಗಿ ಒತ್ತಿ, ಕಾರು ತಿರುಗತೊಡಗಿದಂತೆ ಪಾದ ಹಗುರ ಮಾಡುತ್ತಾ ಬರಬೇಕು. ಆ ಹಗುರವಾಗುವ ಹದದಲ್ಲೇ ಹತ್ತನೇ ಒಂದು ಸೆಕೆಂಡು ಸಿಗುತ್ತದೆ ಅಥವಾ ಹೋಗುತ್ತದೆ. ಕಂಪನಿಗೊಂದು ಬಗೆಯ ಕಾರು ಇರುವುದರಿಂದ ಭಾರ ಮತ್ತು ಎಂಜಿನ್ ಶಕ್ತಿಯನ್ನು ಸಂಘಟಕರೇ ಏರಿಳಿಸಿ ಎಲ್ಲರನ್ನೂ ಸಮಕ್ಕೆ ತರುತ್ತಾರೆ. ಅಂತರ ಉಳಿಯುವುದು ಕೈಕಾಲುಗಳಲ್ಲಿ. ಚಕ್ರಗಳು ಒಳಗೆ ಅಡಗಿರುವುದರಿಂದ ಬಾಗಿಲಿಗೆ ಬಾಗಿಲು ಉಜ್ಜಿದರೂ ಯಾರೂ ಹಾರಿಬೀಳುವುದಿಲ್ಲ. ಮುಟ್ಟಿದರೆ ಮುಗಿಯಿತು ಎಂಬ ಫಾರ್ಮುಲಾ ಪಾಠವನ್ನು ಮರೆಯಬೇಕಾಗುತ್ತದೆ. ಒಳಗಿನ ಸೆಕೆಯ ಬಗ್ಗೆ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ತಮ್ಮ ಕುಶ್ ಮೈನಿ ಮಾಡಿಲ್ಲದ ಫಾರ್ಮುಲಾ ಕಾರಿನಲ್ಲೇ ಮುಂದುವರಿದಿದ್ದಾರೆ. 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಗೆದ್ದು, ಆ ಬೀದಿಗಳಲ್ಲಿ ಫಾರ್ಮುಲಾ 2 ಪಂದ್ಯ ಗೆದ್ದ ಮೊದಲ ಭಾರತೀಯರಾದರು. ಅಣ್ಣತಮ್ಮಂದಿರಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ಹೋಟೆಲಿನ ಮೇಜಿಗೆ ಇರಲಿ. ಇಬ್ಬರೂ ಹೊರಟ ರಾಜ್ಯದಲ್ಲಿ ಕಾರು ರೇಸಿಗೆಂದು ದೊಡ್ಡ ಪಕ್ಕಾ ಟ್ರ್ಯಾಕ್ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ಬೆಂಗಳೂರಿನ ಹುಡುಗರು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕು. ಹೊನ್ನಾವರದ, ಕುಮಟೆಯ, ಭಟ್ಕಳದ ಹುಡುಗರ ಕಣ್ಣಿಗೆ ಬೀಳುವ ನುಣ್ಣನೆಯ ಡಾಂಬರೆಂದರೆ ಹೆದ್ದಾರಿ 66 ಒಂದೇ. ಅಲ್ಲಿ ವೇಗ ಪರೀಕ್ಷಿಸಿದವರ ಸುದ್ದಿ ಪತ್ರಿಕೆಯ ಬೇರೆ ಪುಟದಲ್ಲಿ ಬರುತ್ತದೆ.

2025ರಲ್ಲಿ ಅರ್ಜುನ್ ಎಚ್‌ಆರ್‌ಟಿ ತಂಡದೊಂದಿಗೆ ಫೋರ್ಡ್ ಮಸ್ಟಾಂಗ್ ಜಿಟಿ3ಕ್ಕೆ ಬದಲಾದರು. ನ್ಯಾಸ್ಕಾರ್‌ನ ಮುಖ್ಯ ಸರಣಿಯಲ್ಲಿ ಫೋರ್ಡ್ ಓಡಿಸುವುದೂ ಮಸ್ಟಾಂಗ್ ಹೆಸರಿನದೇ ಕಾರು, ಒಳಗಿನ ಹೂರಣ ಬೇರೆ. ಡಿಟಿಎಂ ಪಂದ್ಯ ಶನಿವಾರಕ್ಕೊಂದು, ಭಾನುವಾರಕ್ಕೊಂದು, ಸುಮಾರು ಒಂದೊಂದು ಗಂಟೆ. ಜರ್ಮನಿಯ ಮಧ್ಯಾಹ್ನವೆಂದರೆ ನಮಗೆ ಸಂಜೆ. ಹೊಸಬರು ಮುಂಚೂಣಿಯ ಕಾರನ್ನು ಬಿಟ್ಟು, ಟಯರು ಬದಲಿಸಲು ಪಿಟ್‌ಗೆ ಹೋಗಿ ಬಂದ ಕಾರುಗಳ ಮುಂದಿನ ಒಂದು ಸುತ್ತನ್ನು ಗಮನಿಸಬೇಕು. ಹೊಸ ಟಯರು ಇನ್ನೂ ಬಿಸಿಯೇರಿರುವುದಿಲ್ಲ, ಹಿಂದಿನವನು ಹತ್ತಿರವಾಗುತ್ತಿರುತ್ತಾನೆ, ಬ್ರೇಕ್ ಎಲ್ಲಿ ತುಳಿಯಬೇಕೆಂಬ ಲೆಕ್ಕ ಒಂದೊಂದು ತಿರುವಿಗೂ ಬದಲಾಗುತ್ತಿರುತ್ತದೆ. ನ್ಯೂರೆಂಬರ್ಗಿನ ನೋರಿಸ್‌ರಿಂಗ್ ಬೀದಿ ಟ್ರ್ಯಾಕಿನಲ್ಲಿ ಒಂದು ಸುತ್ತೆಂದರೆ 2.3 ಕಿಲೋಮೀಟರ್ ಅಷ್ಟೇ. ಲೆಕ್ಕ ಒಮ್ಮೆ ತಪ್ಪಿದರೆ ಅದರೊಳಗೇ ಎರಡು ಮೂರು ಸ್ಥಾನ ಕೈಬಿಡುತ್ತವೆ.