ಪೆಟ್ಟಿಗೆಯೊಳಗೆ ಎರಡೇ ಯೂನಿಟ್ಟು

ಎರಡು ಸಾವಿರ ವ್ಯಾಟ್-ಅವರ್ ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡು ಬರುವ ಪೋರ್ಟಬಲ್ ಪವರ್ ಸ್ಟೇಷನ್ನಿನಲ್ಲಿ ಹಿಡಿಯುವುದು ಎರಡು ಯೂನಿಟ್ ಕರೆಂಟು. ಬೆಸ್ಕಾಂ, ಮೆಸ್ಕಾಂ ಬಿಲ್ಲಿನಲ್ಲಿ ಓದುತ್ತೇವಲ್ಲ, ಅದೇ ಯೂನಿಟ್ಟು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ ಸಿಗುವ ರಾಜ್ಯದಲ್ಲಿ ಎರಡು ಯೂನಿಟ್ ಕೂಡಿಡಲು ಲಕ್ಷ ದಾಟಿದ ಬೆಲೆ! ಇಷ್ಟೇ ಕರೆಂಟನ್ನು ಸಣ್ಣ ಪೆಟ್ರೋಲ್ ಜನರೇಟರಿನಿಂದ ತೆಗೆಯಲು ಒಂದೂಕಾಲು, ಒಂದೂವರೆ ಲೀಟರ್ ಪೆಟ್ರೋಲ್ ಸಾಕು. ಈ ಲೆಕ್ಕವನ್ನು ಮೊದಲೇ ಮುಂದಿಡುವುದಕ್ಕೆ ಕಾರಣವಿದೆ. ಇಂಥ ಪೆಟ್ಟಿಗೆ ಕಂಡರೆ ನನಗೆ ಬಹಳ ಪ್ರೀತಿ. ಪ್ರೀತಿ ಇರುವ ಕಡೆಯೇ ಜೇಬಿಗೆ ಬೇಗ ತೂತು ಬೀಳುವುದು.

ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳಲ್ಲೂ 2,048 ಎಂಬ ಅಂಕಿಯೇ ಮತ್ತೆ ಮತ್ತೆ ಕಾಣುತ್ತದೆ. ಇಕೋಫ್ಲೋ, ಬ್ಲೂಟ್ಟಿ, ಆಂಕರ್, ಡಿಜೆಐ ಎಲ್ಲರದ್ದೂ ಅದೇ. ಇದರಲ್ಲಿ ಒಪ್ಪಂದ ಏನೂ ಇಲ್ಲ. ಒಳಗೆ ಸಾಲಾಗಿ ಹದಿನಾರು ಸೆಲ್, ಒಂದೊಂದು 3.2 ವೋಲ್ಟ್, 40 ಆಂಪಿಯರ್-ಅವರ್. ಗುಣಿಸಿ ನೋಡಿ, ಸರಿಯಾಗಿ 2,048. ಒಂದು ಸೆಲ್ಲಿಗೆ 3.2 ವೋಲ್ಟ್ ಎಂದರೆ ಅದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯ ಮಾತಿನಲ್ಲಿ ಎಲ್‌ಎಫ್‌ಪಿ. ಈ ರಸಾಯನ ಬ್ಯಾಟರಿಗೆ ಒದಗೀತು ಎಂದು ತೋರಿಸಿದ ಪ್ರಬಂಧ 1997ರದ್ದು. ಬರೆದವರು ಮೂವರು: ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡಿನಫ್. ನಡುವಿನ ಹೆಸರು ಓದಿದ ಕೂಡಲೇ ನಮ್ಮ ಕಡೆಯವರ ಕಿವಿ ನಿಮಿರುತ್ತದೆ. ಗುಡಿನಫ್ ಅವರಿಗೆ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ನೊಬೆಲ್ ಬಂತು. ಫೋನಿನಲ್ಲಿರುವ ಜಾತಿಯ ಲಿಥಿಯಂ ಬ್ಯಾಟರಿಗಿಂತ ಇದು ತೂಕ ಹೆಚ್ಚು, ಆದರೆ ಕಾದರೂ ಬೇಗ ಹೊತ್ತಿಕೊಳ್ಳುವುದಿಲ್ಲ. ಮೂರು ಸಾವಿರ ಸಲ ತುಂಬಿ ಬರಿದು ಮಾಡಿದ ಮೇಲೂ ಶೇ 80ರಷ್ಟು ಹಿಡಿಯುತ್ತದೆ ಎಂದು ತಯಾರಕರು ಬರೆದುಕೊಡುತ್ತಾರೆ. ಮನೆಯೊಳಗೆ, ಮಕ್ಕಳು ಓಡಾಡುವ ಕಡೆ ಇಡುವ ವಸ್ತುವಿಗೆ ಎಲ್‌ಎಫ್‌ಪಿ ಬಿಟ್ಟು ಬೇರೆ ಯಾವುದನ್ನೂ ನಾನು ಒಪ್ಪುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ಮಾಡೆಲ್‌ಗಳಲ್ಲಿ ಬೇರೆ ರಸಾಯನ ಇರುತ್ತದೆ. ಡಬ್ಬದ ಹಿಂಬದಿ ಓದಿ.

ಇನ್ನು ವ್ಯಾಟು. ತೀರ್ಥಹಳ್ಳಿ ಕಡೆಯ ತೋಟದ ಮನೆಯೊಂದಕ್ಕೆ ಇಂಥದ್ದೊಂದು ಪೆಟ್ಟಿಗೆಯನ್ನು ಪರೀಕ್ಷೆಗೆಂದು ಒಯ್ದಿದ್ದೆ. ಆ ಮನೆಯ ಅಕ್ಕ ಕೇಳಿದ ಮೊದಲ ಪ್ರಶ್ನೆ, ‘ಇದ್ರಲ್ಲಿ ಮಿಕ್ಸಿ ಓಡ್ತದಾ?’ ಓಡಿತು. 750 ವ್ಯಾಟಿನ ಮಿಕ್ಸಿಗೆ 2,400 ವ್ಯಾಟ್ ಕೊಡಬಲ್ಲ ಇನ್ವರ್ಟರ್ ಯಾವ ಲೆಕ್ಕ? ‘ಮಿಕ್ಸಿ ಓಡ್ತು ಅಂದ್ರೆ ಅರ್ಧ ಗೆದ್ದ ಹಾಗೆ ಮಾರಾಯ್ರೆ’ ಎಂದರು. ಅವರ ಮಾತು ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ಸರಿ. ಐದು ನಿಮಿಷ ಚಟ್ನಿ ರುಬ್ಬಿದರೆ ಖರ್ಚಾಗುವುದು ಅರವತ್ತು ವ್ಯಾಟ್-ಅವರ್ ಚಿಲ್ಲರೆ, ಪೆಟ್ಟಿಗೆಯ ಶೇ 3. ಅದೇ 2,000 ವ್ಯಾಟಿನ ಗೀಸರು ಕಾಲು ಗಂಟೆ ಉರಿದರೆ ಐನೂರು, ಅಂದರೆ ಕಾಲು ಭಾಗ ಮಾಯ. ಕಾಯಿಸುವ ಯಾವ ಯಂತ್ರವನ್ನೂ ಇದಕ್ಕೆ ಸಿಕ್ಕಿಸಬೇಡಿ. ಗೀಸರು, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಓಡುವುದಿಲ್ಲ ಎಂದಲ್ಲ, ಓಡುತ್ತವೆ. ಓಡಿದ ಮೇಲೆ ರಾತ್ರಿಗೆ ಫ್ಯಾನಿಗೆ ಏನೂ ಉಳಿದಿರುವುದಿಲ್ಲ.

ಮೋಟಾರಿನ ಕಥೆಯೇ ಬೇರೆ. ಒಂದು ಎಚ್‌ಪಿ ಪಂಪು ಓಡುವಾಗ ಎಳೆಯುವುದು ಸಾವಿರ ವ್ಯಾಟಿನ ಆಸುಪಾಸು. ಸ್ಟಾರ್ಟ್ ಆಗುವ ಅರೆಕ್ಷಣ ಅದರ ನಾಲ್ಕೈದು ಪಟ್ಟು. ‘ಸರ್ಜ್’ ಎಂದು ಡಬ್ಬದ ಮೇಲೆ ಬರೆದ ಅಂಕಿ ಇರುವುದು ಈ ಅರೆಕ್ಷಣಕ್ಕೆ. ಕೆಲವು ಕಂಪನಿಗಳು ಇನ್ನೂ ದೊಡ್ಡ ಮೂರನೆಯ ಅಂಕಿಯೊಂದನ್ನು ‘ಬೂಸ್ಟ್’ ಎಂಬ ಹೆಸರಿನಲ್ಲಿ ಮುದ್ರಿಸುತ್ತವೆ. ಅದು ವೋಲ್ಟೇಜನ್ನು ಇಳಿಸಿ ಭಾರದ ಯಂತ್ರವನ್ನು ಹೇಗೋ ನಡೆಸುವ ಉಪಾಯ. ಕೆಟಲ್‌ಗೆ ನಡೆಯುತ್ತದೆ, ನೀರು ತುಸು ನಿಧಾನ ಕಾಯುತ್ತದೆ, ಅಷ್ಟೆ. ಪಂಪಿಗೆ ವೋಲ್ಟೇಜ್ ಇಳಿಸಿದರೆ ಕಾಯಿಲ್ ಸುಡುತ್ತದೆ. ಬೋರ್‌ವೆಲ್ಲಿನ ಆಸೆಗೆ ಪವರ್ ಸ್ಟೇಷನ್ ಕೊಳ್ಳುವವರು ಮೊದಲು ಪಂಪಿನ ಪಕ್ಕದಲ್ಲೇ ಅದನ್ನಿಟ್ಟು ಸ್ಟಾರ್ಟ್ ಮಾಡಿಸಿ ನೋಡಿ, ಆಮೇಲೆ ಹಣ ಕೊಡಿ.

ಇದೆಲ್ಲ ಡಬ್ಬದ ಮೇಲೆ ಬರೆದಿರುವ ವಿಷಯ. ಬರೆಯದೆ ಬಿಟ್ಟದ್ದು ನನಗೆ ಹೆಚ್ಚು ಮುಖ್ಯ. ಗೋಡೆಯ ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ಕೆಲವು ನೂರು ರೂಪಾಯಿಯ ಪ್ಲಗ್-ಇನ್ ಮೀಟರ್ ಸಿಕ್ಕಿಸಿ ಬರಿದಾದದ್ದನ್ನು ತುಂಬಿಸಿ ನೋಡಿ: ಎರಡೂಕಾಲು ಯೂನಿಟ್ಟಿಗಿಂತ ತುಸು ಹೆಚ್ಚೇ ಕುಡಿಯುತ್ತದೆ. ಅದೇ ಮೀಟರನ್ನು ಪೆಟ್ಟಿಗೆಯ ಸಾಕೆಟ್ಟಿಗೆ ಹಾಕಿ ದೀಪ, ಫ್ಯಾನು, ಟಿ.ವಿ. ಓಡಿಸಿದರೆ ಹೊರಬರುವುದು 1.75ರಿಂದ 1.8 ಯೂನಿಟ್ಟು. ನಡುವಿನದ್ದು ಶಾಖವಾಗಿ ಹೋಯಿತು. ಇದು ಮೋಸವಲ್ಲ, ಗೋಡೆಯ ಪರ್ಯಾಯ ಕರೆಂಟನ್ನು ನೇರ ಕರೆಂಟಾಗಿ, ಅದನ್ನು ಮತ್ತೆ 230 ವೋಲ್ಟಿನ ಪರ್ಯಾಯ ಕರೆಂಟಾಗಿ ತಿರುಗಿಸಲು ತೆರುವ ಸುಂಕ.

ಈ ಸುಂಕದಲ್ಲಿ ಇನ್ನೊಂದು ಬಗೆ ಇದೆ, ಅದು ಕಳ್ಳ ಸುಂಕ. ಎಸಿ ಬಟನ್ ಒತ್ತಿದ ಗಳಿಗೆಯಿಂದ, ಯಾವುದನ್ನೂ ಸಿಕ್ಕಿಸದಿದ್ದರೂ, ಒಳಗಿನ ಇನ್ವರ್ಟರ್ ಹದಿನೈದರಿಂದ ಇಪ್ಪತ್ತೈದು ವ್ಯಾಟ್ ತಿನ್ನುತ್ತಲೇ ಇರುತ್ತದೆ. ಇಪ್ಪತ್ತು ಎಂದಿಟ್ಟುಕೊಳ್ಳಿ. ದಿನಕ್ಕೆ 480 ವ್ಯಾಟ್-ಅವರ್, ಹೆಚ್ಚುಕಡಿಮೆ ಅರ್ಧ ಯೂನಿಟ್ಟು. ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ 200 ಯೂನಿಟ್ ಎಂದು ಬರೆದಿರುವ ಫ್ರಿಜ್ಜು ದಿನಕ್ಕೆ ತಿನ್ನುವುದು ಅರ್ಧ ಯೂನಿಟ್ಟಿಗಿಂತ ಒಂದಿಷ್ಟೇ ಹೆಚ್ಚು. ಅಂದರೆ ಫ್ರಿಜ್ಜನ್ನು ತಂಪಾಗಿಡಲು ತಂದ ಪೆಟ್ಟಿಗೆ, ಫ್ರಿಜ್ಜಿನಷ್ಟೇ ತಾನೂ ಉಣ್ಣುತ್ತದೆ! ಮೂರು ದಿನ ಬರುತ್ತದೆ ಎಂದು ಹಾಕಿದ ಲೆಕ್ಕ ಒಂದೂವರೆ ದಿನಕ್ಕೆ ಬಂದು ನಿಲ್ಲುವುದು ಹೀಗೆ.

ವೈಫೈ ರೂಟರಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹತ್ತು ವ್ಯಾಟಿನ ರೂಟರಿಗೆ ಇಪ್ಪತ್ತು ವ್ಯಾಟಿನ ಕಾವಲುಗಾರ. ಕಾಗದದ ಮೇಲೆ ಇನ್ನೂರು ಗಂಟೆ ಬರಬೇಕಾದದ್ದು ಅರವತ್ತಕ್ಕೆ ಮುಗಿಯುತ್ತದೆ. ಇದಕ್ಕೆ ಮದ್ದು ಸುಲಭ. ರೂಟರಿನ ಅಡಾಪ್ಟರ್ ತಿರುಗಿಸಿ ನೋಡಿ, ಬಹಳಷ್ಟರ ಮೇಲೆ 12 ವೋಲ್ಟ್ ಎಂದಿರುತ್ತದೆ. ಪವರ್ ಸ್ಟೇಷನ್ನಿನಲ್ಲೂ 12 ವೋಲ್ಟಿನ ತೂತು ಇದ್ದೇ ಇದೆ. ಎರಡಕ್ಕೂ ಹೊಂದುವ ಒಂದು ವೈರು ಸಾಕು, ಎಸಿ ಬಟನ್ ಮುಟ್ಟುವುದೇ ಬೇಡ. ನಾಲ್ಕೈದು ದಿನ ನೆಟ್ಟು ಬರುತ್ತದೆ. 9 ವೋಲ್ಟಿನ ರೂಟರಿಗೆ ಮಾತ್ರ ಈ ಆಟ ಬೇಡ. ಇನ್ನೊಂದು ಮಾತು: ಲೋಡು ತೀರಾ ಕಡಿಮೆ ಎನಿಸಿದರೆ ಕೆಲವು ಪೆಟ್ಟಿಗೆಗಳು ಉಳಿತಾಯದ ಹೆಸರಿನಲ್ಲಿ ತಾವೇ ಆಫ್ ಆಗುತ್ತವೆ. ಆ್ಯಪಿನೊಳಗೆ ಹೋಗಿ ಆ ಸೆಟ್ಟಿಂಗ್ ತೆಗೆಯದಿದ್ದರೆ ಬೆಳಗಿನ ಆನ್‌ಲೈನ್ ಮೀಟಿಂಗಿಗೆ ಎದ್ದಾಗ ಪೆಟ್ಟಿಗೆ ಭರ್ತಿ, ನೆಟ್ಟು ಮಾತ್ರ ಇಲ್ಲ.

ಶಬ್ದದ ಬಗ್ಗೆ ಯಾರೂ ಬರೆಯುವುದಿಲ್ಲ. ಜನರೇಟರಿಗೆ ಹೋಲಿಸಿದರೆ ಇದು ಮೌನವ್ರತ ಹಿಡಿದದ್ದೇ. ಆದರೆ ಪೂರ್ತಿ ವೇಗದಲ್ಲಿ, ಅಂದರೆ 1,800 ವ್ಯಾಟಿನಲ್ಲಿ ಚಾರ್ಜ್ ಆಗುವಾಗ ಒಳಗಿನ ಫ್ಯಾನುಗಳು ಎದ್ದು ಕೂಗುತ್ತವೆ. ಮಲಗುವ ಕೋಣೆಯಲ್ಲಿ ಸಹಿಸಲಾಗದು. ಹಳೆಯ ಮನೆಗಳಲ್ಲಿ ಇನ್ನೊಂದು ಅಪಾಯವೂ ಉಂಟು: ಸಾಮಾನ್ಯ 6 ಆಂಪಿಯರ್ ಪ್ಲಗ್ಗು ತಾಳುವುದು 1,380 ವ್ಯಾಟನ್ನು ಮಾತ್ರ. ಗೀಸರಿಗೆಂದು ಹಾಕಿಸಿದ 16 ಆಂಪಿಯರಿನ ಪವರ್ ಪ್ಲಗ್ಗಿಗೇ ಹಾಕಿ. ಇಲ್ಲವೇ ಚಾರ್ಜಿಂಗ್ ವೇಗವನ್ನು ನಾನೂರು ವ್ಯಾಟಿಗೆ ಇಳಿಸಿ. ಫ್ಯಾನೂ ಸುಮ್ಮನಾಗುತ್ತದೆ, ಬ್ಯಾಟರಿಗೂ ಹಿತ.

ಪರದೆಯ ಮೇಲಿನ ಶೇಕಡಾವಾರು ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜು ಹೊಟ್ಟೆ ತುಂಬಿದ್ದಾಗಲೂ ಅರ್ಧವಾದಾಗಲೂ ಬಹುತೇಕ ಒಂದೇ. ಹಾಗಾಗಿ ಎಷ್ಟು ಉಳಿದಿದೆ ಎಂಬುದನ್ನು ಯಂತ್ರ ಎಣಿಸುತ್ತಾ ಅಂದಾಜು ಮಾಡುತ್ತದೆ, ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಅಂದಾಜು ತಪ್ಪುತ್ತದೆ. ಶೇ 20 ತೋರಿಸುತ್ತಿದ್ದದ್ದು ತಟ್ಟನೆ ಆರಿಹೋದರೆ ಗಾಬರಿ ಬೇಡ. ಒಮ್ಮೆ ಪೂರ್ತಿ ಬರಿದು ಮಾಡಿ ಪೂರ್ತಿ ತುಂಬಿದರೆ ಲೆಕ್ಕ ಹಳಿಗೆ ಬರುತ್ತದೆ.

ಬಿಸಿಲಿನಿಂದ ತುಂಬಿಸುವ ಆಸೆ ಎಲ್ಲರದ್ದೂ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಸುಮ್ಮನೆ ಬಂದಿಲ್ಲ. ಆ ಸೀಮೆಯ ಒಳ್ಳೆಯ ಬಿಸಿಲಿಗೆ 540 ವ್ಯಾಟಿನ ಒಂದೇ ಪ್ಯಾನೆಲ್ ದಿನಕ್ಕೆ ಎರಡು ಯೂನಿಟ್ ಹತ್ತಿರ ಕೊಡುತ್ತದೆ. ತೀರ್ಥಹಳ್ಳಿಯ ಆಷಾಢದಲ್ಲಿ ಅದೇ ಪ್ಯಾನೆಲ್ ಮಳೆ ನೀರು ಹರಿಯಲು ಒಳ್ಳೆಯ ಇಳಿಜಾರು. ಕರೆಂಟು ಹೆಚ್ಚಾಗಿ ಕೈಕೊಡುವ ಊರಿನಲ್ಲಿ, ಕೈಕೊಡುವ ತಿಂಗಳುಗಳಲ್ಲೇ ಸೂರ್ಯನೂ ಇರುವುದಿಲ್ಲ. ಪ್ಯಾನೆಲ್ ಜೋಡಿಸುವವರು ವೋಲ್ಟೇಜ್ ಮಿತಿ ಗಮನಿಸಿ. ಈ ಗಾತ್ರದ ಕೆಲವು ಪೆಟ್ಟಿಗೆಗಳು 60 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ, 540 ವ್ಯಾಟಿನ ಪ್ಯಾನೆಲ್ ಒಂದೇ ಐವತ್ತರ ಹತ್ತಿರ ಬರುತ್ತದೆ. ಎರಡನ್ನು ಸಾಲಾಗಿ ಜೋಡಿಸಿದರೆ ನೂರು; ಬೋರ್ಡ್ ಹೋಯಿತು ಎಂದೇ ತಿಳಿಯಿರಿ. ಅಂದಹಾಗೆ, 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಪಡೆದು ಚಾವಣಿಗೆ ಸೋಲಾರ್ ಹಾಕಿಸಿದ ಹಲವರಿಗೆ, ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ ಎಂಬುದು ಮೊದಲ ಪವರ್ ಕಟ್‌ನಲ್ಲೇ ಗೊತ್ತಾಗಿದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕಾಗಿ ಇರುವ ಏರ್ಪಾಡು ಅದು. ಬ್ಯಾಟರಿ ಬೇಕೆಂದರೆ ಬೇರೆಯೇ ಹಾಕಿಸಬೇಕು.

ಹೊರಾಂಗಣದ ಮಾತಿಗೆ ಬರೋಣ. ಜಾಹೀರಾತಿನಲ್ಲಿ ಬೆಟ್ಟದ ತುದಿಯಲ್ಲಿ ಟೆಂಟು, ಪಕ್ಕದಲ್ಲಿ ಈ ಪೆಟ್ಟಿಗೆ. ಹೊತ್ತು ನೋಡಿದ್ದಾರೋ ಇಲ್ಲವೋ! 22ರಿಂದ 30 ಕಿಲೋ, ಹತ್ತಿರಹತ್ತಿರ ಒಂದು ಅಕ್ಕಿ ಮೂಟೆ. ಕಾರಿನ ಡಿಕ್ಕಿಯಿಂದ ಇಪ್ಪತ್ತು ಹೆಜ್ಜೆ, ಅಷ್ಟೇ ಇದರ ಚಾರಣ. ಆ ಇಪ್ಪತ್ತು ಹೆಜ್ಜೆಯೊಳಗೆ ಮಾತ್ರ ಇದನ್ನು ಮೀರಿಸಿದ್ದಿಲ್ಲ. ಮದುವೆ ಛತ್ರದ ಹೊರಗೆ ಡ್ರೋನ್ ಬ್ಯಾಟರಿ ತುಂಬಿಸುವ ಹುಡುಗರು, ಜಾತ್ರೆಯಲ್ಲಿ ಅಂಗಡಿ ಹಾಕುವವರು, ದೂರದರ್ಶಕ ಹೊತ್ತು ಕತ್ತಲೆ ಹುಡುಕಿ ಹೋಗುವ ಹವ್ಯಾಸಿಗಳು: ಇವರಿಗೆ ಹೊಗೆ, ಸದ್ದು ಎರಡೂ ಇಲ್ಲದ ಎರಡು ಯೂನಿಟ್ಟು ನಿಜಕ್ಕೂ ಬೆಲೆಬಾಳುತ್ತದೆ. ಅಮೆರಿಕದಿಂದ ಮಗ ತರುತ್ತಾನೆ ಎಂದು ಕಾಯುವವರಿಗೆ ಒಂದು ಸೂಚನೆ. ವಿಮಾನದಲ್ಲಿ ಪ್ರಯಾಣಿಕರು ಒಯ್ಯಬಹುದಾದ ಬ್ಯಾಟರಿಗೆ 160 ವ್ಯಾಟ್-ಅವರ್ ಮಿತಿ, ಅದೂ ಅನುಮತಿ ಪಡೆದು. ತಂದರೂ ಅಲ್ಲಿಯದು 120 ವೋಲ್ಟು.

ಹಾಗಾದರೆ ಮನೆಗೆ? ಸ್ವಂತ ಮನೆ, ದಿನಕ್ಕೆರಡು ಗಂಟೆ ಕರೆಂಟು ಹೋಗುವ ಊರು ಎಂದಾದರೆ ನನ್ನ ತೀರ್ಪು ಹಳೆಯ ಇನ್ವರ್ಟರ್ ಕಡೆಗೇ. 150 ಆಂಪಿಯರ್-ಅವರಿನ ಟ್ಯೂಬ್ಯುಲರ್ ಬ್ಯಾಟರಿ ಕಾಗದದ ಮೇಲೆ 1.8 ಯೂನಿಟ್ಟು, ಅರ್ಧಕ್ಕಿಂತ ತುಸು ಹೆಚ್ಚು ಬಳಸಿಕೊಳ್ಳಬಹುದು, ಸೆಟ್ಟಿಗೆ ಇಪ್ಪತ್ತೈದು ಸಾವಿರದ ಆಸುಪಾಸು. ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆ ಬೇಡವೆಂದರೆ ಲಿಥಿಯಂ ಇನ್ವರ್ಟರ್‌ಗಳೂ ಬಂದಿವೆ, ಊರಿನ ಎಲೆಕ್ಟ್ರಿಷಿಯನ್ನೇ ರಿಪೇರಿಗೆ ಕೈ ಹಾಕುತ್ತಾನೆ. ಪವರ್ ಸ್ಟೇಷನ್ ಸರಿಹೊಂದುವುದು ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲು ಮಾಲೀಕರು ಬಿಡದವರಿಗೆ, ವಾರದಲ್ಲಿ ನಾಲ್ಕು ದಿನ ಪೇಟೆ ಮೂರು ದಿನ ತೋಟ ಎಂದು ಓಡಾಡುವವರಿಗೆ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿರುವ ಹಿರಿಯರಿದ್ದರೆ ಬೆಲೆಯ ಮಾತು ಆಡುವುದೇ ಬೇಡ. ಐದು ಲೀಟರಿನ ಯಂತ್ರ 350 ವ್ಯಾಟ್ ಎಳೆದರೂ ಐದು ಗಂಟೆ ಸಿಗುತ್ತದೆ, ಆಸ್ಪತ್ರೆ ಮುಟ್ಟಲು ಸಾಕು.

ಕೊಂಡದ್ದೇ ಆದರೆ ಬಿಐಎಸ್ ನೋಂದಣಿಯ ಗುರುತು, ಭಾರತದಲ್ಲೇ ಸರ್ವಿಸ್, ಎರಡನ್ನೂ ಬರಹದಲ್ಲಿ ಪಡೆಯಿರಿ. ಮನೆಗೆ ತಂದು ಟೆಸ್ಟರ್ ಹಿಡಿದರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಮಂಕಾಗಿ ದೀಪ ಹತ್ತಬಹುದು. ಕೆಟ್ಟಿದೆ ಎಂದುಕೊಳ್ಳಬೇಡಿ, ಇದರ ನ್ಯೂಟ್ರಲ್ಲಿಗೆ ಭೂಮಿಯ ನಂಟಿಲ್ಲ. ಅದೇ ಕಾರಣಕ್ಕೆ ಮನೆಯ ಆರ್‌ಸಿಸಿಬಿ ಇದರ ಕರೆಂಟಿಗೆ ಟ್ರಿಪ್ ಆಗದೆ ಇರಬಹುದು. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿ ಇದರಿಂದ ಗೋಡೆಯ ಪ್ಲಗ್ಗಿಗೆ ಕರೆಂಟು ತಳ್ಳುವ ಬುದ್ಧಿವಂತಿಕೆಯನ್ನು ಅಲ್ಲಲ್ಲಿ ಕಂಡಿದ್ದೇನೆ. ಮೇನ್ ಆಫ್ ಮಾಡಲು ಮರೆತ ಒಂದು ದಿನ ಆ ಕರೆಂಟು ಮನೆಯಿಂದ ಹೊರಟು ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನಿನ ಕೈಗೆ ಮುಟ್ಟುತ್ತದೆ. ಮನೆಯ ವೈರಿಂಗಿಗೆ ಜೋಡಿಸಲೇಬೇಕೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅಲ್ಲಿಯವರೆಗೆ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಸಾಕು.