ಕೇರಿಗೊಂದು ಸರ್ವರ್ ಕೊಟ್ಟರೆ ಸಾಕೆ?

2019ರ ಅಕ್ಟೋಬರ್-ನವೆಂಬರ್‌ನಲ್ಲಿ ಟ್ವಿಟ್ಟರ್ ವಿರುದ್ಧ ಎರಡು ಸಿಟ್ಟು ಒಟ್ಟಿಗೇ ಎದ್ದವು. ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆ ಬಂದ್ ಆದದ್ದು ಒಂದು. ದಿಲೀಪ್ ಮಂಡಲ್ ಖಾತೆಗೆ ನಿರ್ಬಂಧ ಬಿದ್ದು, ನೀಲಿ ಗುರುತು ಯಾವ ಜಾತಿಯವರಿಗೆ ಸಿಗುತ್ತೆ ಅಂತ ದಲಿತ-ಬಹುಜನರು ಕೇಳಿದ್ದು ಇನ್ನೊಂದು. ಆಗ ಬಹಳ ಜನ ಮಾಸ್ಟೊಡಾನ್‌ಗೆ ಗುಳೆ ಹೋದರು. ಅಲ್ಲಿ ಒಬ್ಬನೇ ಧಣಿ ಇಲ್ಲ. ಸರ್ವರ್‌ಗೊಂದು ಯಜಮಾನಿಕೆ, ಸರ್ವರ್‌ಗೊಂದು ಕಟ್ಟಳೆ. ಹಿಡಿಸದಿದ್ದರೆ ಬೇರೆ ಕಡೆ ಹೋಗು, ಬೈದವನನ್ನು ಮರೆಮಾಡಿಕೊ.

ಕೇಳೋಕೆ ಚೆಂದ. ಆದರೆ ಹಳ್ಳಿಗಳೇ ಪುಟ್ಟ ಗಣರಾಜ್ಯಗಳೆಂದು ಕೊಂಡಾಡುತ್ತಿದ್ದವರಿಗೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊಟ್ಟ ಉತ್ತರ ಬಲ್ಲವರು, ಅಧಿಕಾರ ಚದುರಿದ ಕೂಡಲೇ ನ್ಯಾಯವೂ ಹಂಚಿಕೆಯಾಯಿತೆಂದು ನಂಬಲಾರರು. ದೂರದ ಧಣಿ ಬಿಟ್ಟುಹೋದ ಜಾಗದಲ್ಲಿ ಊರ ಯಜಮಾನ ಕೂತಿರುತ್ತಾನೆ. 2019ರಲ್ಲಿ ಮಾಸ್ಟೊಡಾನ್ ತನ್ನ ಪಟ್ಟಿಗೆ ಸೇರುವ ಸರ್ವರ್‌ಗಳಿಗೆ ಹಾಕಿದ ಷರತ್ತಿನಲ್ಲಿ ವರ್ಣದ್ವೇಷವಿತ್ತು, ಲಿಂಗತಾರತಮ್ಯವಿತ್ತು, ಜಾತಿಯ ಹೆಸರಿರಲಿಲ್ಲ. ಅದೇ ವರ್ಷ ಬಲಪಂಥೀಯರ ಗ್ಯಾಬ್ ಅದೇ ತಂತ್ರಾಂಶ ಹಿಡಿದು ಬಂದಾಗ ಅನೇಕ ಸರ್ವರ್‌ಗಳು ಬಾಗಿಲು ಹಾಕಿಕೊಂಡವು ನಿಜ. ಬಹಿಷ್ಕಾರ ಅನ್ನೋದು ಒಮ್ಮೆಯಾದರೂ ಬೀಳಬೇಕಾದವರ ಮೇಲೆ ಬಿತ್ತು! ಆದರೆ ಗಮನಿಸಿ, ಅದು ಒಬ್ಬೊಬ್ಬರ ಆಯ್ಕೆಯಲ್ಲ, ಸಮುದಾಯಗಳ ತೀರ್ಮಾನ.

‘ಬಳಕೆದಾರನ ಆಯ್ಕೆ’ ಅನ್ನೋ ಮಾತಿನ ಹುನ್ನಾರ ಇರೋದೇ ಇಲ್ಲಿ. ನಾನು ಕಣ್ಣು ಮುಚ್ಚಿಕೊಂಡರೆ ಬೈಗುಳ ನನಗೆ ಕಾಣಲ್ಲ, ಊರಿಗೆಲ್ಲ ಕಾಣುತ್ತೆ. 1989ರ ದೌರ್ಜನ್ಯ ತಡೆ ಕಾಯ್ದೆ ಜಾತಿ ಅವಮಾನವನ್ನು ಅಳೆಯುವುದು ಅದು ಸಾರ್ವಜನಿಕರ ಕಣ್ಣೆದುರು ನಡೆಯಿತೇ ಎಂಬುದರಿಂದ. ಅವಮಾನಿತನ ಮುಂದೆ ಕಿವಿ ಮುಚ್ಚಿಕೊಳ್ಳುವ ದಾರಿ ಇತ್ತೇ ಎಂಬುದರಿಂದಲ್ಲ. 1927ರಲ್ಲಿ ಮಹಾಡ್‌ನ ಕೆರೆಗೆ ನಡೆದವರಿಗೆ ಬೇರೆ ಬಾವಿ ತೋಡಿಕೊಡುತ್ತೇವೆ ಅಂದಿದ್ದರೆ ಹಿಂದಿರುಗುತ್ತಿದ್ದರೆ?

ಇನ್ನು ಜರಡಿಯ ಮಾತು. ಬ್ಲೂಸ್ಕೈ 2024ರಿಂದ, ಯಾರು ಬೇಕಾದರೂ ಬರಹಗಳಿಗೆ ಚೀಟಿ ಅಂಟಿಸಬಹುದು, ಓದುವವರು ತಮಗೆ ಒಪ್ಪುವ ಚೀಟಿಗಾರರನ್ನು ಆರಿಸಿಕೊಳ್ಳಬಹುದು ಅಂತ ವ್ಯವಸ್ಥೆ ಮಾಡಿದೆ. ಬರೀ ಪದ ಹಿಡಿಯುವ ಜರಡಿಗೆ ಮೊದಲು ಸಿಕ್ಕಿಬೀಳೋದು ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ‘ಮೆರಿಟ್’ ಎಂದು ನಗುತ್ತಾ ಚುಚ್ಚುವವನು ಸಲೀಸಾಗಿ ದಾಟಿಹೋಗುತ್ತಾನೆ. ಬೈಗುಳ ಯಾವುದು, ಅಸ್ಮಿತೆ ಯಾವುದು ಅಂತ ಬಲ್ಲ ನಮ್ಮವರೇ ಕೂತು ಚೀಟಿ ಅಂಟಿಸಬೇಕು. ಇದನ್ನು ನಾನು ಬೇಡ ಅನ್ನಲಾರೆ, ಬಹುಶಃ ಇರುವುದರಲ್ಲಿ ಒಳ್ಳೆಯ ದಾರಿ ಇದೇ. ಆದರೆ ಆ ಹೊಲಸನ್ನು ದಿನಾ ಮೈಮೇಲೆ ಸುರಿದುಕೊಂಡು ಬಾಚಿಹಾಕುವ ನಮ್ಮ ಹುಡುಗ ಹುಡುಗಿಯರಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಯಾವ ಸರ್ವರ್‌ನ ಕಟ್ಟಳೆಯಲ್ಲೂ ನಾನು ಓದಿಲ್ಲ.